ದಪ್ಪ ರಕ್ತ ಅಲ್ಲ, ನಿಂತ ರಕ್ತ

ಮಾನ್ವಿ, ದೇವದುರ್ಗದ ಕಡೆ ಯಾರಿಗಾದರೂ ಲಕ್ವಾ ಹೊಡೆದರೆ ಓಣಿಯವರು ಕಾರಣ ಹೇಳಿಬಿಡುತ್ತಾರೆ: "ರಕ್ತ ದಪ್ಪಗಾಗಿತ್ತಂತ." ನಾಡಿ ತಾಳ ತಪ್ಪಿದವರ ಮಟ್ಟಿಗೆ ಇದು ಬಹುಪಾಲು ತಪ್ಪು. ಅವರಲ್ಲಿ ಮುಖ್ಯವಾಗಿ ಕೆಡುವುದು ರಕ್ತದ ಓಟ.

ಹೃದಯದ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 60ರಿಂದ 100 ಸಲ ಹಿಂಡಿ ರಕ್ತವನ್ನು ಕೆಳಗಿನ ಕೋಣೆಗಳಿಗೆ ತಳ್ಳುತ್ತವೆ. ಏಟ್ರಿಯಲ್ ಫೈಬ್ರಿಲೇಷನ್ ಎಂಬ ತೊಂದರೆಯಲ್ಲಿ ಅಲ್ಲಿನ ವಿದ್ಯುತ್ ಸಂಕೇತಗಳು ನಿಮಿಷಕ್ಕೆ 350ರಿಂದ 600ರವರೆಗೆ ಅಡ್ಡಾದಿಡ್ಡಿ ಏಳುತ್ತವೆ. ಕೋಣೆ ಹಿಂಡುವುದಿಲ್ಲ, ಬರೀ ಅದುರುತ್ತದೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಕಿವಿಯಾಕಾರದ ಪುಟ್ಟ ಚೀಲವೊಂದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ನೀರಿನ ಓಟ ಸತ್ತ ಕಡೆ ಹೂಳು ಕೂರುವುದನ್ನು ಮಾನ್ವಿಯ ರೈತರಿಗೆ ಹೇಳಿಕೊಡಬೇಕಿಲ್ಲ. ಆ ಚೀಲದಲ್ಲೂ ರಕ್ತ ಹಾಗೇ ನಿಂತು ಹೆಪ್ಪುಗಟ್ಟುತ್ತದೆ. ಕವಾಟದ ರೋಗವಿಲ್ಲದವರ ಹೃತ್ಕರ್ಣದಲ್ಲಿ ಹೆಪ್ಪು ಸಿಕ್ಕರೆ ಹತ್ತಕ್ಕೆ ಒಂಬತ್ತು ಸಲ ಅದು ಇರುವುದು ಅಲ್ಲೇ. ಚೂರೊಂದು ಕಳಚಿ ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡರೆ ಲಕ್ವಾ. ಈ ತೊಂದರೆ ಇದ್ದವರಿಗೆ ಅದರ ಅಪಾಯ ಸುಮಾರು ಐದು ಪಟ್ಟು.

"ಎದಿನೋವು ಇಲ್ಲ, ಹಾರ್ಟ್ ಛಲೋ ಐತಿ" ಎಂಬ ಧೈರ್ಯವೂ ಬೇಡ. ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ಎದೆ ಢವಢವ ಎಂದವರು ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಸುಮ್ಮನಾಗುತ್ತಾರೆ. ಹಲವರಲ್ಲಿ ಇದು ಬಂದು ಹೋಗುವ ತೊಂದರೆಯಾದ್ದರಿಂದ ಒಂದು ಇಸಿಜಿ ಸರಿಯಿದ್ದರೂ ಪೂರ್ತಿ ನಂಬುವಂತಿಲ್ಲ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದಿಡೀ ನಿಮಿಷ ನಾಡಿ ಎಣಿಸಿ. ಎರಡು ಹತ್ತಿರ, ಒಂದು ದೂರ, ಮತ್ತೊಂದು ಸಿಕ್ಕೂ ಸಿಗದಷ್ಟು ಮೆಲ್ಲಗೆ, ಹೀಗೆ ಲೆಕ್ಕ ತಪ್ಪುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು.

ಇದು ಮುದುಕರ ಕಾಯಿಲೆ ಎನ್ನುವುದು ನಮ್ಮಲ್ಲಿ ಅರ್ಧಸತ್ಯ. ಚಿಕ್ಕಂದಿನ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಕಿರಿದಾಗಿಸಿದರೆ ಮೂವತ್ತು, ನಲವತ್ತರ ಹೆಣ್ಣುಮಕ್ಕಳಲ್ಲೂ ಕಾಣಿಸುತ್ತದೆ. ಇಂಥವರಿಗೆ ಹೆಪ್ಪು ತಡೆಯುವ ಹೊಸ ಔಷಧಿಗಿಂತ ವಾರ್ಫರಿನ್ ಜಾತಿಯ ಹಳೆಯ ಗುಳಿಗೆಯೇ ಮೇಲೆಂದು 24 ದೇಶಗಳ 4,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಇನ್‌ವಿಕ್ಟಸ್ ಅಧ್ಯಯನ 2022ರಲ್ಲಿ ತೋರಿಸಿತು. ಬೆಳ್ಳುಳ್ಳಿ ಈ ಗುಳಿಗೆಯ ಕೆಲಸ ಮಾಡದು. ಆಸ್ಪಿರಿನ್ನೂ ಅಷ್ಟೆ.

ಗುಳಿಗೆ ಶುರುವಾದ ಮೇಲೆ ಪುಂಡಿಪಲ್ಲೆ, ಮೆಂತ್ಯಸೊಪ್ಪು ಮುಟ್ಟಬಾರದೆಂದು ಬಿಟ್ಟವರಿದ್ದಾರೆ. ಪಾಪ, ರೊಟ್ಟಿಗೆ ಇನ್ನೇನು ಹಚ್ಚಿಕೊಳ್ಳಬೇಕು? ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ನ ಕೆಲಸಕ್ಕೆ ಅಡ್ಡಬರುವುದು ನಿಜ. ಆದರೆ ಮುಖ್ಯವಾದದ್ದು ಅಳತೆ ಏರುಪೇರಾಗದಿರುವುದು. ದಿನವೂ ಒಂದೇ ಪ್ರಮಾಣದಲ್ಲಿ ತಿಂದರೆ ಡಾಕ್ಟರು ಐಎನ್ಆರ್ ರಕ್ತಪರೀಕ್ಷೆ ನೋಡಿ, ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ನಿಲ್ಲುವಂತೆ ಗುಳಿಗೆ ಹೊಂದಿಸುತ್ತಾರೆ. ಆರಾಮಾಯಿತೆಂದು ತಾವಾಗಿ ಗುಳಿಗೆ ಬಿಡುವುದೇ ಅಪಾಯ.

ಬಾಯಿ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ಪಾರಿವಾಳದ ರಕ್ತ ಹಚ್ಚುತ್ತ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ದೇವದುರ್ಗದಿಂದ ರಾಯಚೂರಿಗೆ ಹೆಚ್ಚುಕಡಿಮೆ 50 ಕಿಲೋಮೀಟರ್. 108ಕ್ಕೆ ಫೋನ್ ಮಾಡಿ, ರೋಗಿ ಕೊನೆಯದಾಗಿ ಸರಿಯಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಗುಳಿಗೆಯ ಚೀಟಿಯೂ ಜೊತೆಗಿರಲಿ: ಹೆಪ್ಪು ತಡೆಯುವ ಗುಳಿಗೆ ನುಂಗುತ್ತಿದ್ದವರಿಗೆ ಆ ಇಂಜೆಕ್ಷನ್ ಕೊಡಬಹುದೋ ಇಲ್ಲವೋ ಎಂದು ಡಾಕ್ಟರು ಅದನ್ನು ನೋಡಿಯೇ ತೀರ್ಮಾನಿಸಬೇಕು.