ವಿಷದ ಹೆಸರು ಹೇಳುವ ಕೆಲಸ

ನಮ್ಮ ಕಡೆ ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ಯಾರೂ ಕೀಟನಾಶಕ ಎನ್ನುವುದಿಲ್ಲ, ಅದು ‘ಔಷಧಿ’. ತೆಂಗಿಗೆ ನುಸಿ ರೋಗ ಬಂದಾಗ, ಕಪ್ಪುತಲೆ ಹುಳು ಗರಿ ತಿಂದಾಗ ಅಮ್ಮಸಂದ್ರ, ತುರುವೇಕೆರೆ, ತಿಪಟೂರು ಸುತ್ತಿನ ತೋಟಗಳಲ್ಲಿ ಬೇರಿಗೆ ಔಷಧಿ ಕಟ್ಟುವ ರೂಢಿ ಇತ್ತು. ಪೆನ್ಸಿಲ್ ದಪ್ಪದ ಹಸಿ ಬೇರನ್ನು ಓರೆಯಾಗಿ ಕತ್ತರಿಸಿ, ಔಷಧಿ ಬೆರೆಸಿದ ನೀರಿನ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ದಾರ ಸುತ್ತುತ್ತಿದ್ದರು. ಅದಾದ ಮೇಲೆ 45 ದಿನ ಕಾಯಿ ಕೀಳಬಾರದು. ಹೀಗೆ ಬಳಸುತ್ತಿದ್ದ ಔಷಧಿಯ ಹೆಸರು ಮೊನೊಕ್ರೊಟೊಫಾಸ್.

ಇದೇ ಹೆಸರು 2018ರ ಡಿಸೆಂಬರ್‌ನಲ್ಲಿ ರಾಜ್ಯದ ಎಲ್ಲರ ಬಾಯಲ್ಲೂ ಬಂತು. ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದ ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 17 ಮಂದಿ ತೀರಿಕೊಂಡರು. ಪ್ರಸಾದದಲ್ಲಿ ಮೊನೊಕ್ರೊಟೊಫಾಸ್ ಇರುವುದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆಯಲ್ಲಿ ಖಚಿತವಾಯಿತು. ಅದಕ್ಕೂ ಮೊದಲು, 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತಾಗಲೂ ಸಿಕ್ಕಿದ್ದು ಇದೇ ವಿಷ.

ಇಂಥ ಹೊತ್ತಿನಲ್ಲಿ ನಾವು ಆಸ್ಪತ್ರೆಯ ಸುದ್ದಿ ಓದುತ್ತೇವೆ, ಪೊಲೀಸರ ಸುದ್ದಿ ಓದುತ್ತೇವೆ. ವಿಷದ ಹೆಸರು ಹೇಳಿದವರು ಯಾರು ಎಂದು ಕೇಳುವುದಿಲ್ಲ. ಅವರೇ ವಿಷವಿಜ್ಞಾನ ವಿಭಾಗದ ವೈಜ್ಞಾನಿಕ ಅಧಿಕಾರಿಗಳು. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯ ಪ್ರಯೋಗಾಲಯವಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿ ಮೊದಲಾದೆಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ.

ಅವರ ಕೆಲಸ ಶುರುವಾಗುವುದು ಬಾಟಲಿಗಳಿಂದ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಜಠರ ಮತ್ತು ಸಣ್ಣಕರುಳಿನ ತುಂಡನ್ನು ಒಂದು ಬಾಟಲಿಗೆ, ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ಭಾಗವನ್ನು ಇನ್ನೊಂದಕ್ಕೆ, ರಕ್ತವನ್ನು ಮತ್ತೊಂದಕ್ಕೆ ಹಾಕುತ್ತಾರೆ. ಅಂಗಗಳು ಕೊಳೆಯದಂತೆ ಸಾಮಾನ್ಯವಾಗಿ ಬಳಸುವುದು ಗಾಢ ಉಪ್ಪುನೀರು. ಫಾರ್ಮಾಲಿನ್ ಹಾಕಿದರೆ ವಿಷ ಪತ್ತೆ ಕಷ್ಟವಾಗುತ್ತದೆ. ಇವುಗಳ ಜೊತೆ ಬರೀ ಉಪ್ಪುನೀರಿನದೇ ಒಂದು ಬಾಟಲಿ ಹೋಗುತ್ತದೆ. ‘ವಿಷ ಉಪ್ಪಿನಲ್ಲೇ ಇತ್ತೇನೋ’ ಎಂದು ನಾಳೆ ವಕೀಲರು ಕೇಳಿದರೆ ಉತ್ತರ ಬೇಕಲ್ಲ!

ಬಾಟಲಿ ಬಂದ ಕೂಡಲೇ ನೋಡುವುದು ಅರಗಿನ ಮುದ್ರೆಯನ್ನು. ಮಾದರಿ ಮುದ್ರೆಗೆ ಅದು ಹೊಂದದಿದ್ದರೆ, ಒಡೆದಿದ್ದರೆ, ಒಳಗಿನ ರಸಾಯನಶಾಸ್ತ್ರ ಎಷ್ಟೇ ಸರಿಯಿದ್ದರೂ ಪ್ರಕರಣ ಸಡಿಲವಾಗುತ್ತದೆ. ನಂತರ ಅಂಗಾಂಶವನ್ನು ಅರೆದು, ದ್ರಾವಕಗಳಿಂದ ವಿಷವನ್ನು ಬೇರ್ಪಡಿಸುತ್ತಾರೆ. ಈ ವಿಧಾನದ ಮೂಲ 1850ರಷ್ಟು ಹಳೆಯದು. ಬೆಲ್ಜಿಯಂನ ರಸಾಯನ ವಿಜ್ಞಾನಿ ಸ್ಟಾಸ್ ಕೊಲೆಯಾದವನ ದೇಹದಿಂದ ನಿಕೋಟಿನ್ ತೆಗೆದು ತೋರಿಸಿದ್ದ. ಬೇರ್ಪಡಿಸಿದ್ದನ್ನು ತೆಳುಪದರ ಕ್ರೊಮಟೋಗ್ರಫಿ ತಟ್ಟೆಯ ಮೇಲೆ ಗೊತ್ತಿರುವ ವಿಷದ ಪಕ್ಕ ಓಡಿಸಿ ಹೋಲಿಸುತ್ತಾರೆ. ಅನುಮಾನ ಖಚಿತವಾಗುವುದು ಜಿಸಿ–ಎಂಎಸ್‌ನಂಥ ಯಂತ್ರದಲ್ಲಿ. ಅದು ಅಣುವನ್ನು ಒಡೆದು, ಚೂರುಗಳ ತೂಕ ನೋಡಿ ಗುರುತು ಹೇಳುತ್ತದೆ. ಮದ್ಯದಲ್ಲಿ ಮಿಥನಾಲ್ ಬೆರೆತಿದೆಯೇ ಎಂದು ನೋಡಲು ಬೇರೆಯದೇ ಕ್ರಮವಿದೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಬಟ್ಟಿ ದುರಂತದ ವಿಷ ಅದೇ.

ಈ ಕೆಲಸದ ಬೆಲೆ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನನ್ನ ಹೈಸ್ಕೂಲ್ ಗೆಳೆಯನ ತಂದೆ ತೋಟಕ್ಕೆ ಔಷಧಿ ಹೊಡೆದ ದಿನವೇ ತೀರಿಕೊಂಡರು. ಬರಿಗೈಯಲ್ಲಿ ಹೊಡೆದಿದ್ದಕ್ಕೆ ಹೀಗಾಯಿತು ಎಂದರು ಮನೆಯವರು. ಕುಡಿದುಬಿಟ್ಟರು ಎಂದಿತು ಅರ್ಧ ಊರು. ಪರಿಹಾರದ ಕಡತ ಕೇಳಿದಲ್ಲೆಲ್ಲ ಒಂದೇ ಮಾತು: ‘ವಿಸೆರಾ ರಿಪೋರ್ಟ್ ಬರಲಿ.’ ಆ ತಿಂಗಳುಗಳಲ್ಲಿ ಗೆಳೆಯ ಕಾಲೇಜು ಬಿಟ್ಟು ಕಾಯಿ ಸುಲಿಯಲು ಹೋಗುತ್ತಿದ್ದ. ಅವನ ಅಮ್ಮ ಮದುವೆ, ಜಾತ್ರೆಗೆ ಹೋಗುವುದನ್ನೇ ನಿಲ್ಲಿಸಿದ್ದರು. ಕೊನೆಗೆ ಬಂದ ವರದಿಯಲ್ಲಿ ವಿಷದ ಹೆಸರಿತ್ತು. ಅದು ದೇಹಕ್ಕೆ ಹೇಗೆ ಸೇರಿತು ಎಂದು ಇರಲಿಲ್ಲ.

ಆಗ ನನಗೆ ಸಿಟ್ಟು ಬಂದಿತ್ತು. ಈಗ ಅರ್ಥವಾಗುತ್ತದೆ. ಪ್ರಯೋಗಾಲಯ ಹೇಳುವುದು ಏನಿದೆ, ಎಲ್ಲಿದೆ, ಸಾಧ್ಯವಾದರೆ ಎಷ್ಟಿದೆ ಎಂಬುದನ್ನು. ಜಠರ ಮತ್ತು ರಕ್ತವನ್ನು ಬೇರೆ ಬೇರೆ ಬಾಟಲಿಯಲ್ಲಿ ಇಡುವುದೂ ಅದಕ್ಕೇ. ಯಾಕೆ, ಯಾರು ಎಂಬುದನ್ನು ವೈದ್ಯರ ಟಿಪ್ಪಣಿ, ಪಂಚನಾಮೆ, ಸಾಕ್ಷಿಗಳ ಜೊತೆಗಿಟ್ಟು ಓದಬೇಕು. ಗೊತ್ತಿಲ್ಲದ್ದನ್ನು ಬರೆಯದಿರುವುದೂ ಪರೀಕ್ಷಕರ ಕರ್ತವ್ಯವೇ. ಆದರೆ ಗೊತ್ತಾಗುವುದನ್ನು ಬೇಗ ಬರೆಯಲು ಸಾಕಷ್ಟು ಕೈಗಳಿರಬೇಕು. ತಡವಾದ ವರದಿಯ ಒಂದೊಂದು ತಿಂಗಳೂ ಯಾವುದೋ ಮನೆಯ ಮೇಲೆ ಬೀಳುತ್ತದೆ.

ಹಾಗಾದರೆ ಯಾರು ಸೇರಬಹುದು? ವಿಷವಿಜ್ಞಾನ ವಿಭಾಗಕ್ಕೆ ಸಾಮಾನ್ಯವಾಗಿ ಕೇಳುವುದು ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ ಅಥವಾ ವಿಧಿವಿಜ್ಞಾನದಲ್ಲಿ ಎಂಎಸ್ಸಿ. ಬಿಎಸ್ಸಿ ಓದುತ್ತಿರುವ ಗೆಳೆಯರು ‘ಕೆಮಿಸ್ಟ್ರಿ ಮಾಡಿದರೆ ಮೇಷ್ಟ್ರಾಗುವುದು ಬಿಟ್ಟು ಬೇರೇನಿದೆ’ ಎನ್ನುವ ಮೊದಲು ಇದನ್ನು ನೋಡಲಿ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಈಗ ಧಾರವಾಡದಲ್ಲೇ ಇದೆ. ನನ್ನಂಥ ಬಿಇ ವಿದ್ಯಾರ್ಥಿಗಳಿಗೆ ವಿಷವಿಜ್ಞಾನದ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಆದರೆ ಅದೇ ಕಟ್ಟಡದಲ್ಲಿ ಮೊಬೈಲ್, ಕಂಪ್ಯೂಟರ್ ಪರೀಕ್ಷಿಸುವ ವಿಭಾಗಗಳಿಗೆ ನಮ್ಮ ಓದು ಬೇಕು. ಅಧಿಸೂಚನೆ ಬಂದಾಗ ವಿಭಾಗವಾರು ವಿದ್ಯಾರ್ಹತೆಯನ್ನು ಗಮನವಿಟ್ಟು ಓದಿ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಕಾಲಾವಕಾಶವಿದೆ. ಅಂದರೆ ಈ ಕೆಲಸಕ್ಕೆ ಜನ ಹೆಚ್ಚು ಬೇಕಾಗುತ್ತಾರೆ.

ಸೇರುವ ಮುನ್ನ ಕಷ್ಟವನ್ನೂ ತಿಳಿದಿರಬೇಕು. ವಾಸನೆ ಸಹಿಸಬೇಕು, ಎಂದೋ ಕೊಟ್ಟ ವರದಿಗೆ ವರ್ಷಗಳ ನಂತರ ನ್ಯಾಯಾಲಯ ಕರೆದರೆ ಕಟಕಟೆಯಲ್ಲಿ ನಿಂತು ಉತ್ತರಿಸಬೇಕು. ಧಾರಾವಾಹಿಗಳಲ್ಲಿ ತೋರಿಸುವಂತೆ ಒಂದು ಹನಿ ಹಾಕಿದರೆ ಬಣ್ಣ ಬದಲಾಗಿ ಕೊಲೆಗಾರ ಸಿಗುವುದಿಲ್ಲ. ಸಿಗುವುದು ಒಂದು ಹಾಳೆಯ ವರದಿ. ಆ ಹಾಳೆಗಾಗಿ ಯಾವುದೋ ಊರಿನಲ್ಲಿ ಒಬ್ಬ ಹುಡುಗ ಓದು ನಿಲ್ಲಿಸಿ ಕಾಯುತ್ತಿರುತ್ತಾನೆ ಎಂಬುದು ನೆನಪಿದ್ದರೆ, ಈ ಕೆಲಸ ಮಾಡಲು ಅಷ್ಟು ಕಾರಣ ಸಾಕು.