ಮಿಲಿಟರಿ ಜೀಪು ಬೇಕಾ? ಮೊದಲು ಕಾಗದ ನೋಡ್ರಿ, ಆಮೇಲೆ ಕಬ್ಬಿಣ

ಶೇಂಗಾ ಮಾರಿ ಕೈಗೆ ನಾಲ್ಕು ದುಡ್ಡು ಬರುವ ಹೊತ್ತಿಗೆ ನಮ್ಮ ಯಳವತ್ತಿ ಹುಡುಗರ ಮೊಬೈಲ್‌ಗಳಲ್ಲಿ ಒಂದು ಫೋಟೊ ಸುತ್ತಾಡುತ್ತದೆ. ಹಸಿರು ಬಣ್ಣದ ಮಿಲಿಟರಿ ಜಿಪ್ಸಿ, ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಒಬ್ಬಾತ, ಕೆಳಗೆ ‘ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟ್ ಸೇಲ್, 80 ಸಾವಿರ’ ಅಂತ ಬರಹ.

ಆ ಗಾಳಕ್ಕೆ ನಾನೂ ಬಿದ್ದವನೇ. ‘ಗೇಟ್ ಪಾಸ್ ಫೀ’ ಅಂತ 5,100 ರೂಪಾಯಿ ಹಾಕಿದೆ. ಮರುದಿನ ‘ಸಾಗಣೆ ಖರ್ಚು’ ಅಂತ 8,500. ಮೂರನೇ ಸಲ ‘ಡಿಪಾಸಿಟ್ ಕಟ್ಟಿ, ವಾಪಸ್ ಬರುತ್ತೆ’ ಅಂದಾಗ ತಲೆ ಓಡಿತು. ಅಷ್ಟರಲ್ಲಿ ಎರಡು ಎಕರೆ ಬಿತ್ತನೆ ಬೀಜದ ದುಡ್ಡು ಹೋಗಿತ್ತು. ಮನೆಯಲ್ಲಿ ಹೇಳಲಿಕ್ಕೆ ನಾಚಿಕೆಯಾಗಿ ಎಂಟು ದಿನ ಸುಮ್ಮನಿದ್ದೆ, ಅದೇ ದೊಡ್ಡ ತಪ್ಪು. ಹೀಗಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಹುಚ್ಚು ಮಾತ್ರ ಬಿಡಲಿಲ್ಲ. ಈಗ ನನ್ನ ಶೆಡ್ಡಿನಲ್ಲಿ ನಿಜವಾದ ಯುದ್ಧಕಾಲದ ಜೀಪು ನಿಂತಿದೆ. ಆ ದಾರಿಯಲ್ಲಿ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಈ ಗಾಡಿಗಳು ಎಲ್ಲಿಯವು?

ಎರಡನೇ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 2.2 ಲೀಟರ್ ಪೆಟ್ರೋಲ್ ಎಂಜಿನ್, 60 ಎಚ್‌ಪಿ, 6 ವೋಲ್ಟ್ ಬ್ಯಾಟರಿ. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಉಳಿದ ಗಾಡಿಗಳು ಹರಾಜಾದವು. ಹಿರಿಯರು ‘ಡಿಸ್ಪೋಸಲ್ ಜೀಪು’ ಅನ್ನುವುದು ಇದಕ್ಕೇ. 1947ರಿಂದ ಮಹೀಂದ್ರದವರು ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದರು.

ಆಮೇಲೆ ಬಂದದ್ದು ಜಬಲ್ಪುರದ ಗಾಡಿಗಳು. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ 1959ರಿಂದ ಶಕ್ತಿಮಾನ್ ಟ್ರಕ್ ತಯಾರಾಯಿತು. ನಿಸ್ಸಾನ್ ಪ್ಯಾಟ್ರೋಲ್ ಮಾದರಿಯ ಜೋಂಗಾ 1999ರವರೆಗೆ ಬಂತು. ಜೋಂಗಾದ ಎಂಜಿನ್ 4 ಲೀಟರ್, ಆರು ಸಿಲಿಂಡರ್. ಪೆಟ್ರೋಲ್ ಕುಡಿಯೋದು ನೋಡಿದರೆ ಎದೆ ಧಸಕ್ಕಂತದ.

ಕೊಳ್ಳುವ ಮುಂಚೆ

ಮಿಲಿಟರಿ ನಂಬರ್ ಪ್ಲೇಟಿನಲ್ಲಿ ಮೇಲ್ಮುಖ ಬಾಣದ ಗುರುತು ಇರುತ್ತದೆ. ಆ ನಂಬರಿನಲ್ಲಿ ನೀವು ಓಡಿಸುವಂತಿಲ್ಲ. ಸೇನೆಯಿಂದ ಹರಾಜಾದ ಗಾಡಿಗೆ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ, ಅಂದರೆ ಫಾರ್ಮ್ 21, ಬೇಕೇ ಬೇಕು. ಅದಿಲ್ಲದಿದ್ದರೆ ಆರ್‌ಟಿಒದಲ್ಲಿ ಕೆಎ-26 ನಂಬರ್ ಕನಸಿನ ಮಾತು. ಜೆರಾಕ್ಸ್ ತೋರಿಸಿದರೆ ‘ಒರಿಜಿನಲ್ ತಗೊಂಡು ಬರ್ರಿ’ ಅನ್ನಿ.

2023ರ ಏಪ್ರಿಲ್ 1ರಿಂದ ಸರ್ಕಾರಿ ಇಲಾಖೆಗಳ 15 ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣ ಆಗುವುದಿಲ್ಲ, ಅವು ಗುಜರಿಗೇ ಹೋಗಬೇಕು. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಆದ್ದರಿಂದ ‘ಇಲಾಖೆ ಜೀಪು, ಅಗ್ಗಕ್ಕೆ ಸಿಗುತ್ತೆ’ ಅಂದರೆ ದುಡ್ಡು ಕೊಡುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ.

ನಾನು ಮೊದಲು ನೋಡಿದ ಜೀಪಿನ ಆರ್‌ಸಿಯಲ್ಲಿ ಪೆಟ್ರೋಲ್ ಅಂತಿತ್ತು, ಬಾನೆಟ್ ಎತ್ತಿದರೆ ಒಳಗೆ ಡೀಸೆಲ್ ಎಂಜಿನ್! ಮಹೀಂದ್ರದ ಹಳೇ ಡೀಸೆಲ್ ಎಂಜಿನ್ ಇಂಟರ್‌ನ್ಯಾಷನಲ್ ಟ್ರಾಕ್ಟರಿನ ಎಂಜಿನ್ ವಂಶದ್ದು, ಹಾಗಾಗಿ ನಮ್ಮ ಟ್ರಾಕ್ಟರ್ ಮೇಸ್ತ್ರಿಗಳೇ ಅದನ್ನು ಕೂಡಿಸಿಬಿಡುತ್ತಾರೆ. ಗಾಡಿ ಚೆನ್ನಾಗೇ ಓಡುತ್ತಿತ್ತು. ಆದರೆ ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ಇರಲಿಲ್ಲ. ಬಿಟ್ಟು ಬಂದೆ.

ಎರಡನೆಯದು ಪಕ್ಕದೂರಿನ ಹಿರಿಯರ ದನದ ಕೊಟ್ಟಿಗೆಯಲ್ಲಿ 11 ವರ್ಷದಿಂದ ನಿಂತಿತ್ತು. ಆರ್‌ಸಿ ಅವರ ಹೆಸರಿಗೇ, ಚಾಸಿ ನಂಬರ್ ಹೊಂದಿಕೆಯಾಗಿತ್ತು. ‘ವಿಲ್ಲೀಸ್’ ಅಂತ ಹೇಳಿದ್ದರು. ಮಲಗಿ ಕೆಳಗೆ ನೋಡಿದೆ. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡನೆ ಪೈಪಾಗಿದ್ದರೆ ವಿಲ್ಲೀಸ್, ತಲೆಕೆಳಗಾದ ಯು ಆಕಾರದ ಚಾನೆಲ್ ಆಗಿದ್ದರೆ ಫೋರ್ಡ್. ಇದು ಚಾನೆಲ್. ಹಲವು ಬೋಲ್ಟುಗಳ ತಲೆ ಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರವೂ ಇತ್ತು. ಹಿರಿಯರು ನಕ್ಕು, ‘ಯಾರದಾರ ಆಗಲಿ, ಎರಿ ಕೆಸರಾಗ ಎಂದೂ ಕೈ ಕೊಟ್ಟಿಲ್ಲಪಾ’ ಅಂದರು.

ಶೆಡ್ಡಿಗೆ ಬಂದ ಮೇಲೆ

ಆಸೆಯಿಂದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ನಂತರ ಹ್ಯಾಂಡಲ್‌ನಿಂದ ನಿಧಾನ ತಿರುಗಿಸಿ. ಜಗ್ಗದಿದ್ದರೆ ಒತ್ತಾಯ ಬೇಡ, ಮತ್ತೆ ಆಯಿಲ್ ಬಿಟ್ಟು ಕಾಯಿರಿ. ಹಳೇ ಪೆಟ್ರೋಲ್ ಪೂರ್ತಿ ತೆಗೆದು ಟ್ಯಾಂಕ್ ತೊಳೆಯಿರಿ.

ಖರ್ಚಿನ ಸಾಲಿನಲ್ಲಿ ಬಣ್ಣ ಕೊನೆಗಿರಲಿ, ಬ್ರೇಕ್ ಮೊದಲಿಗಿರಲಿ. ರಬ್ಬರ್, ಸಿಲಿಂಡರ್, ಪೈಪು ಎಲ್ಲಾ ಬದಲಿಸಿ. ವೈರಿಂಗ್ ಎರಡನೆಯದು. ಇಲಿ ಕಡಿದ ವೈರಿಗೆ ಟೇಪ್ ಸುತ್ತಿದರೆ ಶೆಡ್ಡಿಗೇ ಬೆಂಕಿ.

ಇದನ್ನಂತೂ ಮರೀಬ್ಯಾಡ್ರಿ: ಯುದ್ಧಕಾಲದ ಜೀಪಿನ ಚಕ್ರದ ರಿಮ್ ಎರಡು ಹೋಳಿನದು, ನಟ್ ಹಾಕಿ ಕೂಡಿಸಿರುತ್ತಾರೆ. ಹವಾ ಪೂರ್ತಿ ಬಿಡದೆ ಆ ನಟ್ ಬಿಚ್ಚಿದರೆ ರಿಮ್ ಸಿಡಿದು ಜೀವವೇ ಹೋಗಬಹುದು. ವಾಲ್ವ್ ಕೋರ್ ತೆಗೆದು, ಟೈರ್ ಪೂರ್ತಿ ಕುಗ್ಗಿದ ಮೇಲೆಯೇ ಪಾನಾ ಹಿಡಿಯಿರಿ.

ಬಣ್ಣದ ವಿಷಯದಲ್ಲಿ ಬಹಳ ಹುಡುಗರು ಎಡವುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನನ್ನ ಜೀಪಿಗೆ ಬೂದು ಬಣ್ಣ ಹೊಡೆಸಿದೆ. ಮೊದಮೊದಲು ಬೇಜಾರಾಯಿತು, ಈಗ ಅದೇ ಚೆಂದ ಕಾಣುತ್ತದೆ.

ಹೊಲಕ್ಕೆ ಲಾಭವೇನು?

ನೇರವಾಗಿ ಹೇಳುತ್ತೇನೆ: ಇಲ್ಲ. 50 ವರ್ಷ ದಾಟಿ ಮೂಲರೂಪದಲ್ಲಿರುವ ವಾಹನಕ್ಕೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ಊರ್ಜಿತ. ಆದರೆ ಆ ನಂಬರಿನಲ್ಲಿ ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಯಬಹುದು. ದಿನನಿತ್ಯದ ಓಡಾಟ, ಬಾಡಿಗೆ ಎರಡೂ ಇಲ್ಲ. ಲಕ್ಷ್ಮೇಶ್ವರಕ್ಕೆ ಮೆಣಸಿನಕಾಯಿ ಚೀಲ ಒಯ್ಯಲು ಬೇರೆ ಗಾಡಿಯೇ ಬೇಕು.

ನನ್ನ ಜೀಪಿಗೆ ಎರಡು ಮುಂಗಾರು ಹಿಡಿಯಿತು, ಕೊಂಡ ದರದ ದುಪ್ಪಟ್ಟು ಖರ್ಚಾಯಿತು. ಸಾಲ ಮಾಡಲಿಲ್ಲ. ಪೀಕು ಬಂದಾಗ ಬ್ರೇಕ್, ಮುಂದಿನ ಪೀಕಿಗೆ ವೈರಿಂಗ್, ಹೀಗೆ. ಬೆಳೆಸಾಲದ ದುಡ್ಡನ್ನು ಇದಕ್ಕೆ ಮಾತ್ರ ಮುಟ್ಟಬೇಡಿ.

ಮೊದಲ ಸಲ ಎಂಜಿನ್ ಗುಡುಗಿದ ದಿನ ಆ ಹಿರಿಯರನ್ನು ಕರೆದುಕೊಂಡು ಬಂದಿದ್ದೆ. ಅವರು ಸ್ಟೇರಿಂಗ್ ಮೇಲೆ ಕೈಯಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಕಾಗದ ಎಲ್ಲಾ ಸರಿ ಮಾಡಿಸಿದಿ ಹೌದಲ್ಲೋ?’