ಮಂಡಿಯೂರುವುದು: ಒಂದು ಶಬ್ದವಿಚಾರ

ಒಂಬತ್ತನೆಯ ಇಯತ್ತೆಯ ಪ್ರಬಂಧಗಳನ್ನು ತಿದ್ದುತ್ತಿದ್ದಾಗ "ಭಟನು ಅರಸನ ಮುಂದೆ ಮೊಣಕಾಲು ಟೇಕಿದನು" ಎಂಬ ವಾಕ್ಯವು ನಮ್ಮ ಕಣ್ಣಿಗೆ ಬಿದ್ದಿತು. ಮುಂಬಯಿಯಲ್ಲಿ ಬೆಳೆಯುವ ಮಕ್ಕಳ ಕಿವಿಗೆ ಮರಾಠಿಯ 'ಗುಡಘೇ ಟೇಕಣೇ' ಎಂಬ ಮಾತು ಬೀಳುತ್ತಲೇ ಇರುವುದರಿಂದ ಇದನ್ನು ಅಪರಾಧವೆನ್ನಲಾಗದು. ನಾವು ಅದನ್ನು ಹೊಡೆದು 'ಮಂಡಿಯೂರಿದನು' ಎಂದು ಬರೆದೆವು. ಮರುದಿನವೇ ಪ್ರಶ್ನೆ ಬಂದಿತು: "ಊರು ಎಂದರೆ ಗ್ರಾಮವಲ್ಲವೇ ಸರ್? ಮಂಡಿಗೂ ಅದಕ್ಕೂ ಏನು ಸಂಬಂಧ?" ಹಿಂದಿನ ಬೆಂಚಿನಿಂದ ಇನ್ನೊಬ್ಬನು, "ಊರು ಎಂದರೆ ತೊಡೆ, 'ಊರುಭಂಗ' ಎಂಬ ಭಾಸನ ನಾಟಕವೇ ಇದೆಯಲ್ಲ" ಎಂದನು. ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಬಾಕಿ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಬ್ಬರು ಹೇಳಿದುದೂ ಸುಳ್ಳಲ್ಲ. ಆದರೆ ನಮಗೆ ಬೇಕಾದ 'ಊರು' ಮೂರನೆಯದು. ತೊಡೆಯೆಂಬ ಅರ್ಥದ 'ಊರು' ಸಂಸ್ಕೃತ ಶಬ್ದ. ಉಳಿದೆರಡೂ ಅಚ್ಚಗನ್ನಡದವು. ಹಳಗನ್ನಡದಲ್ಲಿ ಇವೆರಡನ್ನು ಯಾರೂ ಬೆರಸುತ್ತಿರಲಿಲ್ಲ. ಏಕೆಂದರೆ ಆಗ ಎರಡು ರಕಾರಗಳಿದ್ದವು. ಗ್ರಾಮವಾಚಕವಾದ 'ಊರ್' ಎಂಬುದಕ್ಕೆ ಸಾಮಾನ್ಯ ರಕಾರ. ನಾಟು, ನೆಲೆಗೊಳಿಸು ಎಂಬರ್ಥದ 'ಊಱು' ಎಂಬ ಕ್ರಿಯಾಪದಕ್ಕೆ ಶಕಟರೇಫ. ಶಕಟರೇಫವು ಬಳಕೆಯಿಂದ ಮರೆಯಾದ ಮೇಲೆ ಎರಡೂ ಒಂದೇ ವೇಷ ತೊಟ್ಟು ಮಕ್ಕಳನ್ನು ಕಾಡುತ್ತಿವೆ.

ಇದಕ್ಕೆ ನೆರೆಯ ತಮಿಳೇ ಸಾಕ್ಷಿ. ಅಲ್ಲಿಯ 'ಮೂನ್ಱು' ನಮ್ಮಲ್ಲಿ 'ಮೂಱು', 'ತೋನ್ಱು' ನಮ್ಮಲ್ಲಿ 'ತೋಱು', ಕರುವಿಗೆ ಅವರು ಹೇಳುವ 'ಕನ್ಱು' ನಮ್ಮಲ್ಲಿ 'ಕಱು'. ಅದೇ ಸಾಲಿನಲ್ಲಿ ಅವರ 'ಊನ್ಱು' ನಮ್ಮ 'ಊಱು'. ನಾವು ಊರುಗೋಲು ಎನ್ನುವುದನ್ನು ಅವರು 'ಊನ್ಱುಗೋಲ್' ಎನ್ನುತ್ತಾರೆ. ಮುದುಕರು ನೆಲಕ್ಕೆ ಊರಿ ನಡೆಯುವ ಕೋಲು ಅದು, ಊರಿನವರ ಕೋಲಲ್ಲ! ಬೇರೂರು, ನೆಲೆಯೂರು, ಕಾಲೂರು ಎಂಬಲ್ಲೆಲ್ಲ ಇರುವುದು ಈ ಕ್ರಿಯಾಪದವೇ.

'ಮಂಡಿ' ಎಂಬುದಕ್ಕೆ ಬಾಗಿದುದು, ಮೊಣಕಾಲು ಎಂದು ಅರ್ಥ. ಧಾನ್ಯ ಮಾರುವ ಮಂಡಿಯು ಹಿಂದಿಯಿಂದ ಬಂದ ಬೇರೆಯೇ ಶಬ್ದ. ತಮಿಳಿನಲ್ಲಿ 'ಮಂಡಿ'ಗೆ ಬಿಲ್ಲುಗಾರನು ಒಂದು ಮೊಣಕಾಲನ್ನು ನೆಲಕ್ಕೂರಿ ನಿಲ್ಲುವ ಭಂಗಿಯೆಂಬ ಅರ್ಥವೂ ಉಂಟು. ಭರತನಾಟ್ಯ ಕಲಿಯುವ ಹುಡುಗಿಯರಿಗೆ 'ಅರಮಂಡಿ'ಯೂ 'ಮಂಡಿ ಅಡವು' ಕೂಡ ಪರಿಚಿತವೇ.

ಇನ್ನು ಮೊಣಕಾಲು. ಕೆಲವೆಡೆ ಇದನ್ನು ಮೊಳಕಾಲು ಎನ್ನುತ್ತಾರೆ. ತಮಿಳರಿಗೆ ಇದು 'ಮುೞಂಗಾಲ್'. ಮಾಟುಂಗಾದ ಹೂವಿನಂಗಡಿಯಲ್ಲಿ ತಾಯಂದಿರು ಕೇಳುವ 'ಒಂದು ಮೊಳ ಮಲ್ಲಿಗೆ'ಯ ಮೊಳವೇ ಇದು. ಮೊಳದ ಅಳತೆ ಕೈಯ ಯಾವ ಗಂಟಿನಿಂದ ಮೊದಲಾಗುವುದೋ ಅದು ಮೊಳಕೈ. ಕಾಲಿನಲ್ಲಿ ಅದಕ್ಕೆ ಸಾಟಿಯಾದ ಗಂಟು ಮೊಳಕಾಲು.

ಸಂಸ್ಕೃತದ 'ಜಾನು' ಶಬ್ದವನ್ನು 'ಆಜಾನುಬಾಹು' ಎಂಬಲ್ಲಿ ಬಲ್ಲಿರಿ. ಗ್ರೀಕಿನ 'ಗೊನು', ಲ್ಯಾಟಿನ್ನಿನ 'ಗೆನು', ಇಂಗ್ಲಿಷಿನ 'ನೀ' ಇದರ ದಾಯಾದಿಗಳು. ಇಂಗ್ಲಿಷಿನವರು ಆ ಶಬ್ದವನ್ನು ಈಗಲೂ ಉಚ್ಚರಿಸದ ಒಂದು ಕಕಾರದೊಡನೆ ಬರೆಯುತ್ತಾರೆ. ಹಿಂದೆ ಅದನ್ನು ಉಚ್ಚರಿಸುತ್ತಿದ್ದರು.

ಇಂದಿನ ವೃತ್ತಪತ್ರಿಕೆಗಳಲ್ಲಿ ಸೋತ ಕ್ರಿಕೆಟ್ ತಂಡವು 'ಮಂಡಿಯೂರಿತು' ಎಂದು ಬರೆಯುವುದುಂಟು. ಮಕ್ಕಳೂ ಶರಣಾಗತಿಯೊಂದೇ ಇದರ ಅರ್ಥವೆಂದು ತಿಳಿದಿದ್ದಾರೆ. ಈ ಬಳಕೆಯನ್ನು ತಪ್ಪೆನ್ನಲಾರೆವು. ಆದರೆ ಶಬ್ದದ ಅವಯವಗಳಲ್ಲಿ ಸೋಲಿನ ಸುಳಿವೇ ಇಲ್ಲ. ಬಾಗಿದ ಕಾಲನ್ನು ನೆಲದಲ್ಲಿ ಭದ್ರವಾಗಿ ನೆಲೆಗೊಳಿಸುವುದು, ಇಷ್ಟೇ ಅದರ ಅರ್ಥ. ಬಡಗುತಿಟ್ಟಿನ ಯಕ್ಷಗಾನವನ್ನು ನೋಡಿದವರು ಮಂಡಿ ಕುಣಿತವನ್ನು ನೆನೆಯಲಿ: ಎರಡು ಮಂಡಿಗಳನ್ನೂ ನೆಲಕ್ಕೂರಿ ಗಿರಗಿರನೆ ಸುತ್ತುವ ಆ ವೇಷಧಾರಿ ಯಾರಿಗೂ ಶರಣಾಗಿರುವುದಿಲ್ಲ, ಅವನು ಯುದ್ಧಕ್ಕೆ ಹೊರಟಿರುತ್ತಾನೆ.